ಲೆಮ್ಮಿ ಹೋದ ಮೇಲಿನ ಹಾಕ್‌ವಿಂಡ್: 1976ರದ್ದೋ, 1977ರದ್ದೋ?

ಬ್ರಿಟನ್‌ನ ರಾಕ್ ತಂಡ ಹಾಕ್‌ವಿಂಡ್‌ನ ‘ಅಸ್ಟೌಂಡಿಂಗ್ ಸೌಂಡ್ಸ್, ಅಮೇಜಿಂಗ್ ಮ್ಯೂಸಿಕ್’ (1976) ಮತ್ತು ‘ಕ್ವಾರ್ಕ್, ಸ್ಟ್ರೇಂಜ್‌ನೆಸ್ ಅಂಡ್ ಚಾರ್ಮ್’ (1977) ಎಂಬ ಎರಡು ಆಲ್ಬಮ್‌ಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಯಾರಾದರೂ ಕೇಳಿದರೆ ನಾನು ಯೋಚಿಸಲು ಹೊತ್ತು ತೆಗೆದುಕೊಳ್ಳುವುದಿಲ್ಲ. ಎರಡನೆಯದನ್ನೇ ಕೊಳ್ಳಿ, ಅದರಲ್ಲೂ ಸಿಡಿಯನ್ನು ಕೊಳ್ಳಿ. ಎರಡನ್ನೂ ಹಳೆಯ ಎಲ್‌ಪಿಗಳಾಗಿಯೇ ಬ್ರಿಟನ್‌ನಿಂದ ತರಿಸಿಕೊಂಡು, ಅಂಚೆ ವೆಚ್ಚ ಮತ್ತು ಸುಂಕ ಸೇರಿ ರೆಕಾರ್ಡಿನ ಬೆಲೆಯನ್ನೇ ಮೀರಿದ ಬಳಿಕ ಈ ಮಾತು ಹೇಳುತ್ತಿದ್ದೇನೆ.

ಎರಡೂ ಆಲ್ಬಮ್‌ಗಳು ತಂಡದೊಳಗಿನ ಕೋಲಾಹಲದ ಫಲ. 1975ರ ಮೇ ತಿಂಗಳಲ್ಲಿ, ಉತ್ತರ ಅಮೆರಿಕದ ಪ್ರವಾಸದ ನಡುವೆ ಕೆನಡಾದ ಗಡಿಯಲ್ಲಿ, ಬೇಸ್ ಗಿಟಾರ್ ನುಡಿಸುತ್ತಿದ್ದ ಲೆಮ್ಮಿಯನ್ನು ಪೊಲೀಸರು ಬಂಧಿಸಿದರು. ಕೊಕೇನ್ ಎಂದು ಅವರು ತಿಳಿದಿದ್ದ ಪುಡಿ ಆಂಫೆಟಮಿನ್ ಎಂದು ಗೊತ್ತಾಗಿ ಅವನಿಗೆ ಬಿಡುಗಡೆ ಸಿಕ್ಕಿತಾದರೂ ತಂಡ ಅವನನ್ನು ಉಳಿಸಿಕೊಳ್ಳಲಿಲ್ಲ. ಹಾಕ್‌ವಿಂಡ್‌ಗೆ ತಾನು ಬರೆದುಕೊಟ್ಟ ಕೊನೆಯ ಹಾಡಿನ ಹೆಸರನ್ನೇ ಇಟ್ಟು ಅವನು ಮೋಟರ್‌ಹೆಡ್ ಎಂಬ ತನ್ನದೇ ತಂಡ ಕಟ್ಟಿದ. ಇತ್ತ ಬೇಸ್ ಗಿಟಾರ್ ಪಾಲ್ ರುಡಾಲ್ಫ್ ಕೈಗೆ ಬಂತು. ‘ಸಿಲ್ವರ್ ಮಷೀನ್’ ಹಾಡಿನ ಸಾಹಿತ್ಯ ಬರೆದಿದ್ದ ರಾಬರ್ಟ್ ಕಾಲ್ವರ್ಟ್ ಗಾಯಕನಾಗಿ ಮರಳಿದ. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯನ್ನು ಬಿಟ್ಟು ತಂಡ ಕರಿಸ್ಮಾ ಕಂಪನಿಗೆ ಸೇರಿತು.

1976ರ ಆಲ್ಬಮ್‌ನ ತೊಡಕು ಅದರ ಜನಸಂಖ್ಯೆ. ಏಳು ಮಂದಿ, ಅವರಲ್ಲಿ ಇಬ್ಬರು ಡ್ರಮ್ಸ್ ನುಡಿಸುವವರು. ಲೆಮ್ಮಿ ಇದ್ದಾಗ ಅವನ ಬೇಸ್ ಎಲ್ಲರನ್ನೂ ಒಂದೇ ದಿಕ್ಕಿಗೆ ಎಳೆದುಕೊಂಡು ಹೋಗುತ್ತಿತ್ತು. ಆ ಎಳೆತ ಹೋದ ಮೇಲೆ, ಆಸ್ತಿ ಪಾಲಾದ ಕೂಡುಕುಟುಂಬದಂತೆ, ಪ್ರತಿಯೊಬ್ಬರಿಗೂ ಒಂದೊಂದು ತುಂಡು ಸಿಕ್ಕಿದೆ. ರುಡಾಲ್ಫ್‌ಗೆ ‘ರಂಗೂನನ್ನು ತಿಂದ ಬದನೆಕಾಯಿ’ ಎಂಬರ್ಥದ ಹೆಸರಿನ ವಾದ್ಯಸಂಗೀತ, ಡ್ರಮ್ಸ್‌ನ ಅಲನ್ ಪವೆಲ್‌ಗೆ ತೇಲಿಕೊಂಡು ಹೋಗುವ ‘ಸಿಟಿ ಆಫ್ ಲಗೂನ್ಸ್’, ಪಿಟೀಲು ಮತ್ತು ಕೀಬೋರ್ಡ್‌ಗಳ ಸೈಮನ್ ಹೌಸ್‌ಗೆ ಮುಕ್ತಾಯದ ತುಣುಕು. ಬಿಡಿಬಿಡಿಯಾಗಿ ಕೇಳಿದರೆ ಯಾವುದೂ ಕೆಟ್ಟದ್ದಲ್ಲ. ಹರ್ಮನ್ ಹೆಸ್ಸೆಯ ಕಾದಂಬರಿಯ ನೆರಳಿನಲ್ಲಿ ಹುಟ್ಟಿದ ‘ಸ್ಟೆಪನ್‌ವುಲ್ಫ್’ ಹಾಡಿನಲ್ಲಿ ಕಾಲ್ವರ್ಟ್ ಹಾಡುವುದಕ್ಕಿಂತ ಹೆಚ್ಚಾಗಿ ನಟಿಸುತ್ತಾನೆ, ಮತ್ತು ಆ ನಟನೆ ನನಗೆ ಇಷ್ಟ. ಆದರೆ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಮಿಕ್ಸ್ ಮಾಡಿಕೊಟ್ಟ ‘ಕರ್ಬ್ ಕ್ರಾಲರ್’ ಮುಗಿಯುವ ಹೊತ್ತಿಗೆ, ನಾನು ಕೇಳುತ್ತಿರುವುದು ಒಂದು ತಂಡವನ್ನೋ ಒಂದು ಸಂಕಲನವನ್ನೋ ಎಂಬ ಅನುಮಾನ ಬರುತ್ತದೆ.

ಆಲ್ಬಮ್ ಹೊರಬಂದು ಕೆಲವೇ ತಿಂಗಳಲ್ಲಿ ಎರಡನೆಯ ಸುತ್ತಿನ ಉಚ್ಚಾಟನೆ ನಡೆಯಿತು. ಸ್ಯಾಕ್ಸೊಫೋನ್‌ನ ನಿಕ್ ಟರ್ನರ್, ಪವೆಲ್, ರುಡಾಲ್ಫ್, ಮೂವರೂ ಹೊರಗೆ. ಬೇಸ್ ಗಿಟಾರ್‌ಗೆ ಏಡ್ರಿಯನ್ ಶಾ ಒಳಗೆ. ಉಳಿದ ಐವರು 1977ರ ಆರಂಭದಲ್ಲಿ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಕುಳಿತು ಮಾಡಿದ್ದೇ ‘ಕ್ವಾರ್ಕ್’. ಒಂದೇ ಡ್ರಮ್ಸ್, ನೇರವಾದ ಬೇಸ್, ಡೇವ್ ಬ್ರಾಕ್‌ನ ಒರಟು ಗಿಟಾರ್, ಅದರ ಮೇಲೆ ಕಾಲ್ವರ್ಟ್‌ನ ಮಾತು. ಮೊದಲ ಹಾಡು ‘ಸ್ಪಿರಿಟ್ ಆಫ್ ದಿ ಏಜ್’ನಲ್ಲಿ ಬಾಹ್ಯಾಕಾಶಯಾನಿಯೊಬ್ಬ ತನ್ನ ಪ್ರೇಯಸಿಯನ್ನು ನೆನೆಯುತ್ತಾನೆ. ಅವಳನ್ನೂ ಶೀತಲನಿದ್ರೆಯಲ್ಲಿ ಇರಿಸಬಹುದಿತ್ತು, ಆದರೆ ಅವಳ ಅಪ್ಪ ಅರ್ಜಿಗೆ ಸಹಿ ಹಾಕಲಿಲ್ಲ. ಈಗ ಅವಳಿಗೆ ಸುಮಾರು ಅರವತ್ತು ವಯಸ್ಸು, ಇವನು ಭೂಮಿಗೆ ಮರಳುವಷ್ಟರಲ್ಲಿ ಸತ್ತು ಎಷ್ಟೋ ಕಾಲವಾಗಿರುತ್ತದೆ. ಬ್ರಹ್ಮಾಂಡದಷ್ಟು ದೊಡ್ಡ ದುಃಖಕ್ಕೆ ಒಂದು ಸಹಿಯನ್ನು ಕಾರಣ ಮಾಡುವ ಈ ಹಾಸ್ಯ 1976ರ ಆಲ್ಬಮ್‌ನಲ್ಲಿ ಎಲ್ಲಿಯೂ ಇಷ್ಟು ಹರಿತವಾಗಿಲ್ಲ. ಶೀರ್ಷಿಕೆಯ ಹಾಡು ಐನ್‌ಸ್ಟೈನ್‌ನ ಪ್ರಣಯ ವೈಫಲ್ಯವನ್ನು ಗೇಲಿ ಮಾಡುತ್ತದೆ. ‘ಚಾರ್ಮ್’ (ಮೋಹಕತೆ) ಎಂಬ ಹೆಸರಿನ ಕ್ವಾರ್ಕ್ ಎಂಬ ಅತಿಸೂಕ್ಷ್ಮ ಕಣಕ್ಕೆ ಪ್ರಯೋಗಾಲಯದಲ್ಲಿ ಪುರಾವೆ ಸಿಕ್ಕಿದ್ದು 1974ರ ಕೊನೆಯಲ್ಲಾದ್ದರಿಂದ ಆ ತಮಾಷೆ ಅಂದಿಗೆ ಬಿಸಿಬಿಸಿಯಾಗಿಯೇ ಇತ್ತು.

ಇನ್ನು ಎಲ್‌ಪಿಯ ಸಂಗತಿ. ‘ಸ್ಪಿರಿಟ್ ಆಫ್ ದಿ ಏಜ್’ ಒಮ್ಮೆಲೇ ಶುರುವಾಗುವ ಹಾಡಲ್ಲ. ಸಿಂಥಸೈಜರ್‌ನ ಗುಂಯ್‌ಗುಟ್ಟುವಿಕೆ ಬಹಳ ಹೊತ್ತು ತೀರ ಸಣ್ಣಗೆ ಇದ್ದು ನಿಧಾನವಾಗಿ ಏರುತ್ತದೆ. ಇಡೀ ಆಲ್ಬಮ್‌ಗೆ ಬಾಗಿಲು ತೆರೆಯುವುದು ಈ ಏರಿಕೆಯೇ. ಆದರೆ ಹಳೆಯ ರೆಕಾರ್ಡಿನಲ್ಲಿ ಅತಿ ಹೆಚ್ಚು ಪೆಟ್ಟು ತಿಂದಿರುವುದು ಸೂಜಿ ಮೊದಲು ಇಳಿಯುವ ಹೊರ ಅಂಚು. ಮಾರಿದವರು ‘ಬಹುತೇಕ ಹೊಸದು’ ಎಂದು ಬರೆದಿದ್ದ ನನ್ನ ಪ್ರತಿಯಲ್ಲಿ ಸಿಂಥಸೈಜರ್‌ಗಿಂತ ಮೊದಲು ಕೇಳುವುದು ಒಗ್ಗರಣೆಯ ಚಟಪಟ. ತೊಳೆದೆ, ಸೂಜಿ ಬದಲಿಸಿದೆ, ಸೂಜಿಯ ಭಾರವನ್ನೂ ಸರಿಪಡಿಸಿದೆ. ಧೂಳಿನ ಸದ್ದು ಹೋಯಿತು, ಗೀರಿನ ಸದ್ದು ಉಳಿಯಿತು.

ಅದೇ ಬದಿಯ ಇನ್ನೊಂದು ತುದಿಯಲ್ಲಿ ಬೇರೆ ಕಾಟ. ಎಲ್‌ಪಿ ಒಂದೇ ಗತಿಯಲ್ಲಿ ತಿರುಗುತ್ತದೆಯಾದರೂ ಸೂಜಿ ಒಳಕ್ಕೆ ಸರಿದಂತೆ ಒಂದೊಂದು ಸುತ್ತಿಗೆ ಅದರಡಿ ಹಾಯುವ, ಹಾಡು ಕೊರೆದಿರುವ ತೋಡಿನ ಉದ್ದ ಕಡಿಮೆಯಾಗುತ್ತ ಬಂದು, ಕೊನೆಯ ಹಾಡಿನ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏರು ಸ್ವರಗಳು ಕರಕರ ಎನ್ನತೊಡಗುತ್ತವೆ. ಅಬ್ಬರದ ಹಾಡಾಗಿದ್ದರೆ ಇದು ಮುಚ್ಚಿಹೋಗುತ್ತಿತ್ತು. ಆದರೆ ಮೊದಲ ಬದಿಯ ಕೊನೆಗಿರುವುದು ‘ಫೇಬಲ್ ಆಫ್ ಎ ಫೇಲ್ಡ್ ರೇಸ್’ ಎಂಬ, ದನಿಗಳು ಒಂದರ ಮೇಲೊಂದು ಮೆಲ್ಲಗೆ ಕೂಡುವ ಹಾಡು. ಹೀಗಾಗಿ ಆ ಬದಿಯಲ್ಲಿ ನನಗೆ ನೆಮ್ಮದಿಯಿಂದ ದಕ್ಕುವುದು ನಡುವಿನ ‘ಡ್ಯಾಮ್ನೇಷನ್ ಆ್ಯಲಿ’ ಒಂದೇ. ಬಾಳುವ ಸ್ಥಿತಿಯಲ್ಲಿರುವ ಎಲ್‌ಪಿ ಸಿಗುವುದೇ ಇಲ್ಲವೆಂದಲ್ಲ. ಅದರ ಬೆಲೆಗೆ ಎರಡು ಮೂರು ಸಿಡಿಗಳು ಬರುತ್ತವೆ.

‘ಅಸ್ಟೌಂಡಿಂಗ್ ಸೌಂಡ್ಸ್’ ಎಲ್‌ಪಿಗೆ ಈ ತೊಂದರೆ ಕಡಿಮೆ. ಗದ್ದಲವೇ ಗೀರನ್ನು ಮುಚ್ಚುತ್ತದೆ. ಹಳೆಯ ಅಗ್ಗದ ಕಥಾಪತ್ರಿಕೆಗಳ ಧಾಟಿಯ ಅದರ ಹೊದಿಕೆಯೂ ದೊಡ್ಡ ಅಳತೆಯಲ್ಲಿ ನೋಡಲು ಚೆಂದ.

ನಾನು ಹಾಡು ಕೇಳುವುದು ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್‌ನಲ್ಲಿ. ಹೆಡ್‌ಫೋನ್ ಒಂದು ಚಟಪಟವನ್ನೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ‘ಕ್ವಾರ್ಕ್’ಗೆ 2009ರಲ್ಲಿ ಆಟಂಹೆಂಜ್ ಕಂಪನಿ ಹೊರತಂದ ಎರಡು ಸಿಡಿಗಳ ಆವೃತ್ತಿಯೇ ನನ್ನ ಆಯ್ಕೆ; ಎರಡನೆಯ ಸಿಡಿಯನ್ನು ನಾನು ಅಪರೂಪಕ್ಕೆ ಹಾಕುತ್ತೇನೆ, ಮೊದಲನೆಯದು ಯಂತ್ರದಲ್ಲೇ ಇರುತ್ತದೆ. 1976ರ ಆಲ್ಬಮ್ ಅಗ್ಗದಲ್ಲಿ ಸಿಕ್ಕರೆ ಬಿಡಬೇಡಿ, ಹುಡುಕಿಕೊಂಡು ಮಾತ್ರ ಹೋಗಬೇಡಿ. ಲೆಮ್ಮಿಯ ಬೇಸ್‌ಗಾಗಿಯೇ ಹಾಕ್‌ವಿಂಡ್ ಕೇಳುವವರು ಇವೆರಡರ ಹಣವನ್ನೂ ಉಳಿಸಿ, ಅವನು ತಂಡದಲ್ಲಿದ್ದ ಕೊನೆಯ ಆಲ್ಬಮ್ ‘ವಾರಿಯರ್ ಆನ್ ದಿ ಎಡ್ಜ್ ಆಫ್ ಟೈಮ್’ ಕೊಳ್ಳುವುದು ಲೇಸು.