ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ 54,000 ಕಿ.ಮೀ.: 1.5 ಟರ್ಬೊ ಪೆಟ್ರೋಲ್ ಜೊತೆ ಎರಡೂವರೆ ವರ್ಷ

ಮುಧೋಳದಲ್ಲಿ ನನ್ನದು ಡ್ರಿಪ್ ಪೈಪು, ಪಂಪ್‌ಸೆಟ್ ಸಾಮಾನಿನ ಅಂಗಡಿ. ವಾರಕ್ಕೊಮ್ಮೆ ಬೆಳಗಾವಿ, ಹದಿನೈದು ದಿನಕ್ಕೊಮ್ಮೆ ವಿಜಯಪುರ, ನಡುವೆ ಜಮಖಂಡಿ, ಬಾಗಲಕೋಟೆ ಇದ್ದೇ ಇರುತ್ತದೆ. 2023ರ ದಸರಾಕ್ಕೆ ಹಳೆಯ 1.3 ಲೀಟರ್ ಡೀಸೆಲ್ ಕೊಟ್ಟು 1.5 ಲೀಟರ್ ಟರ್ಬೊ ಪೆಟ್ರೋಲ್ ಕಾರು ತಗೊಂಡೆ. ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತದೆ), ಏಳು ಗೇರಿನ ಡಿಸಿಟಿ, ಅಂದ್ರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಈಗ ಮೀಟರ್ 54,000 ದಾಟಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಈ ಬಗೆಯ ಇಂಜಿನ್ ಮೂರ್ನಾಲ್ಕು ಕಂಪನಿಗಳಲ್ಲಿ ಸಿಗುತ್ತದೆ. ಹೆಸರು ಹಾಕಿದರೆ ಮಾತು ಇಂಜಿನ್ ಬಿಟ್ಟು ಲೋಗೋ ಕಡೆ ಹೋಗುತ್ತದೆ, ಆಮೇಲೆ ಬರೀ ಜಗಳ.

ಇದನ್ನು ಪರ್ಫಾರ್ಮೆನ್ಸ್ ಕಾರು ಅಂದ್ರೆ ಬೆಂಗಳೂರಿನ ಹುಡುಗರು ನಗಬಹುದು. ನಗಲಿ. ಅವರು ನವೆಂಬರ್‌ನಲ್ಲಿ ಒಂದು ಸಂಜೆ ಜಮಖಂಡಿ ರಸ್ತೆಗೆ ಬಂದು ನೋಡಬೇಕು. ಸಕ್ಕರೆ ಕಾರ್ಖಾನೆ ಶುರುವಾಗಿರುತ್ತದೆ. ಎರಡು ಡಬ್ಬಿ (ಟ್ರೈಲರ್) ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಹಿಂದೆ ಲೈಟಿಲ್ಲ, ಕಬ್ಬಿನ ಗಳ ಎರಡೂ ಬದಿಗೆ ಚಾಚಿಕೊಂಡಿದೆ. ಡ್ರೈವರ್ ತಲೆ ಮೇಲಿನ ಸ್ಪೀಕರಿನಲ್ಲಿ ಹಾಡು ಎಷ್ಟು ಜೋರಾಗಿರುತ್ತದೆ ಅಂದ್ರೆ ನಿಮ್ಮ ಹಾರ್ನ್ ಅವನಿಗೆ ಕೇಳುವುದೇ ಇಲ್ಲ. ಎದುರಿಗೆ ಖಾಲಿ ಟ್ರ್ಯಾಕ್ಟರ್ ವಾಪಸ್ ಬರುತ್ತಿರುತ್ತದೆ, ಅದಕ್ಕೆ ಒಂದೇ ಲೈಟು. ದೂರದಿಂದ ಬೈಕ್ ಅನಿಸುತ್ತದೆ. ಬೈಕ್ ಅಲ್ಲ ಅಂತ ಗೊತ್ತಾಗುವಾಗ ನೀವು ಅರ್ಧ ಓವರ್‌ಟೇಕ್ ಮಾಡಿರುತ್ತೀರಿ.

ನಮ್ಮ ಕಡೆ ವೇಗದ ಕಾರು ಅಂದ್ರೆ 200 ಮುಟ್ಟುವ ಕಾರಲ್ಲ. ರಾಂಗ್ ಸೈಡಿನಲ್ಲಿ ಕಡಿಮೆ ಹೊತ್ತು ಇರುವ ಕಾರು. ಹಳೆ ಡೀಸೆಲ್ ಮಾರುವ ಮೊದಲು ಹೆಂಡತಿ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಟೈಮ್ ಹಿಡಿದಿದ್ದಳು. ಎರಡು ಡಬ್ಬಿಯ ಟ್ರ್ಯಾಕ್ಟರ್ ದಾಟಿ ನಮ್ಮ ಸೈಡಿಗೆ ವಾಪಸ್ ಬರಲು 9 ಸೆಕೆಂಡ್. ಹೊಸದರಲ್ಲಿ 5. ನಾಲ್ಕು ಸೆಕೆಂಡ್ ಏನು ಮಹಾ ಅನ್ನಬೇಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ 4 ಸೆಕೆಂಡ್ ಅಂದ್ರೆ ಹತ್ತಿರ ಹತ್ತಿರ 67 ಮೀಟರ್. ಅಷ್ಟು ದೂರ ಎದುರಿನವನ ದಾರಿಯಲ್ಲಿ ನಾನು ಇರುವುದಿಲ್ಲ.

ಇದು ಹೇಗೆ ಸಾಧ್ಯ ಅಂದ್ರೆ, ಟರ್ಬೊ ಇಲ್ಲದ 1.5 ಪೆಟ್ರೋಲ್ ಸುಮಾರು 145 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಅದೂ ಇಂಜಿನ್ ನಿಮಿಷಕ್ಕೆ 4,000 ಸುತ್ತು (ಆರ್‌ಪಿಎಂ) ದಾಟಿದ ಮೇಲೆ. ಟರ್ಬೊ ಹಾಕಿದ 1.5 ಸುಮಾರು 250 ಕೊಡುತ್ತದೆ, 1,600ರಿಂದಲೇ ಶುರು, 3,500ರ ತನಕ ಒಂದೇ ಸಮ. ಟರ್ಬೊ ಅಂದ್ರೆ ಇಷ್ಟೇ, ಹೊಗೆ ಕೊಳವೆಯಲ್ಲಿ ಸುಮ್ನೆ ಹೊರಗೆ ಹೋಗುತ್ತಿದ್ದ ಬಿಸಿ ಗಾಳಿಯೇ ಚಕ್ರ ತಿರುಗಿಸಿ ಒಳಗೆ ಗಾಳಿ ಒತ್ತುತ್ತದೆ. ಮುಧೋಳದ ನಾಯಿ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ, ಪಕ್ಕೆಲುಬು ಎಣಿಸಬಹುದು. ಆದರೆ ಬಿಟ್ಟರೆ ಮೊಲ ಉಳಿಯುವುದಿಲ್ಲ. ಸಾಕುವುದು ಮಾತ್ರ ಬೀದಿನಾಯಿ ಸಾಕಿದ ಹಾಗಲ್ಲ. ಈ ಇಂಜಿನ್ನಿನದೂ ಅದೇ ಕಥೆ.

ಮೊದಲನೆಯದು ಧೂಳು. ಏರ್ ಫಿಲ್ಟರ್ 20,000ಕ್ಕೆ ಬದಲಿಸಿದರೆ ಸಾಕು ಅಂದಿದ್ದರು. ಮೊದಲ ಕಬ್ಬಿನ ಸೀಸನ್ ಮುಗಿದ ಮೇಲೆ, 9,000 ಕಿ.ಮೀ.ಗೆ ನಾನೇ ಡಬ್ಬ ಬಿಚ್ಚಿ ನೋಡಿದೆ. ಫಿಲ್ಟರಿನ ಮಡಿಕೆಗಳಲ್ಲಿ ಎರೆಮಣ್ಣು ಕಾಫಿಪುಡಿ ಹಾಗೆ ಕೂತಿತ್ತು. ಕೆಳಗಡೆ ಒಣಗಿದ ರವದಿಯ (ಕಬ್ಬಿನ ಎಲೆಯ) ಚೂರು, ಒಂದು ಸತ್ತ ದುಂಬಿ. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದರ ಮೂಗಿಗೆ ಇಂಥದ್ದು ಇಟ್ಟರೆ ಹೇಗೆ? ಅಂದಿನಿಂದ ಸೀಸನ್‌ನಲ್ಲಿ 5,000ಕ್ಕೊಮ್ಮೆ ಹೊಸ ಫಿಲ್ಟರ್. ನೂರುಗಟ್ಟಲೆ ರೂಪಾಯಿಯ ಮಾತು, ಸಾವಿರದ್ದಲ್ಲ.

ಎರಡನೆಯದು ಬಿಸಿಲು. ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ 41, 42 ಡಿಗ್ರಿ ಇದ್ದಾಗ ಗಾಡಿ ಭಾರ ಅನಿಸುತ್ತದೆ. ಭ್ರಮೆ ಅಲ್ಲ. ಬಿಸಿ ಗಾಳಿ ತೆಳು. ಜೊತೆಗೆ ಇಂಜಿನ್ ನಾಕ್ ಆಗಬಾರದು (ಒಳಗೆ ಇಂಧನ ಅಡ್ಡಾದಿಡ್ಡಿ ಹೊತ್ತಿ ಬಡಿಯಬಾರದು) ಅಂತ ಕಂಪ್ಯೂಟರ್ ಕಿಡಿ ಹೊತ್ತಿಸುವುದನ್ನು ತುಸು ತಡ ಮಾಡುತ್ತದೆ. ಟ್ರ್ಯಾಕ್ಟರ್ ಹಿಂದೆ 20ರ ವೇಗದಲ್ಲಿ ತೆವಳಿದ ಮೇಲಂತೂ ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ತಾನೇ ಕಾದು ಕೂತಿರುತ್ತದೆ, ಮೊದಲ ಒದೆತ ಅಷ್ಟಕ್ಕಷ್ಟೇ. ಅದೇ ಗಾಡಿ ಜುಲೈ ಬೆಳಗ್ಗೆ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಬೇರೆಯೇ ಗಾಡಿ. ಜಾಂಬೋಟಿ ದಾಟಿ ಚೋರ್ಲಾ ಘಟ್ಟದ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಇಟ್ಟು ಬಿಟ್ಟರೆ ಸಾಕು. ಇಂಜಿನ್ ತಣ್ಣನೆ ಗಾಳಿ ಎಳೆದುಕೊಳ್ಳುವ ಶಬ್ದ ಕಿಟಕಿ ಇಳಿಸಿದರೆ ಕೇಳುತ್ತದೆ. ಈ ಕಾರಿಗೆ ಕೊಟ್ಟ ದುಡ್ಡಿನಲ್ಲಿ ಒಂದಿಷ್ಟು ಆ ಶಬ್ದಕ್ಕೇ ಕೊಟ್ಟಿದ್ದು ಅಂತ ಒಪ್ಪಿಕೊಳ್ಳುತ್ತೇನೆ.

ಕೀ ತೆಗೆದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುತ್ತದೆ. ಅಪ್ಪ ಈಗಲೂ ಕಟ್ಟೆ ಮೇಲಿಂದ ಕೂಗುತ್ತಾರೆ: "ಏ, ಗಾಡಿ ಬಂದ್ ಆಗಿಲ್ಲ ನೋಡೋ."

ಇನ್ನು ದೂರು. ಡಿಸಿಟಿ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್, ಎರಡೂ ಒಣ ಕ್ಲಚ್. ಓಡುವಾಗ ಗೇರ್ ಬದಲಾಗಿದ್ದೇ ತಿಳಿಯುವುದಿಲ್ಲ, ಅಷ್ಟು ಚಂದ. ಕಾರ್ಖಾನೆ ಗೇಟಿನ ಹತ್ತಿರದ ಸಾಲಿನಲ್ಲಿ ಮಾತ್ರ ಇದರ ಪ್ರಾಣ ಹೋಗುತ್ತದೆ. ಮುಂದಿನ ಟ್ರ್ಯಾಕ್ಟರ್ ಎರಡು ಅಡಿ ಹೋಗುತ್ತದೆ, ನಾವು ಎರಡು ಅಡಿ. ಪ್ರತಿ ಸಲ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತದೆ, ಬಿಸಿಯಾಗುತ್ತದೆ. 31,000ಕ್ಕೆ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಕ ಶುರುವಾಯಿತು. ಸರ್ವಿಸ್ ಸೆಂಟರ್‌ನವರು ಮೂರು ಸಲವೂ ಒಂದೇ ಮಾತು, "ಸರ್, ಇದು ನಾರ್ಮಲ್." ನಾಲ್ಕನೇ ಸಲ ನಾನು ಅಡ್ವೈಸರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಂತೆ ದಿನ ಬಜಾರಿನಲ್ಲಿ ಓಡಿಸಿದೆ. ಅವನ ಕೈಯಲ್ಲಿದ್ದ ಚಹಾ ಅಂಗಿ ಮೇಲೆ ಚೆಲ್ಲಿತು. ಆಮೇಲೆ ಕ್ಲಚ್ ಬದಲಾಯಿತು, ವಾರಂಟಿಯಲ್ಲೇ. ಹದಿಮೂರು ದಿನ ಗಾಡಿ ಇರಲಿಲ್ಲ. ಈಗ ಸಾಲಿನಲ್ಲಿ ನಿಂತಾಗ ಮುಂದೆ ಒಂದು ಗಾಡಿ ಹಿಡಿಸುವಷ್ಟು ಜಾಗ ಬಿಟ್ಟು, ಜಾಗ ಆದ ಮೇಲೇ ಬ್ರೇಕ್ ಬಿಡುತ್ತೇನೆ. ಹಿಂದಿನವರು ಬಯ್ಯುತ್ತಾರೆ.

ಇನ್ನೊಂದು ಎಚ್ಚರಿಕೆ. ಮೇಲಿನ ಗೇರಿನಲ್ಲಿ 1,500 ಆರ್‌ಪಿಎಂ ಇರುವಾಗ ಒಮ್ಮೆಲೇ ಪೆಡಲ್ ಕೊನೆ ತನಕ ಒತ್ತಬೇಡಿ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಿಡಿ ಬರುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಳ್ಳುವ ಕಾಯಿಲೆ ಇದೆ. ಜೋರಾದರೆ ಪಿಸ್ಟನ್ ಒಡೆಯುತ್ತದೆ. ಅದಕ್ಕೇ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯ ಆಯಿಲ್ ಹಾಕಿಸುತ್ತೇನೆ, ಇದನ್ನು ತಡೆಯುವ ಪರೀಕ್ಷೆ ಆ ದರ್ಜೆಯಲ್ಲಿ ಸೇರಿದೆ. ಓವರ್‌ಟೇಕಿಗೆ ಮೊದಲು ಕೈಯಿಂದಲೇ ಎರಡು ಗೇರ್ ಇಳಿಸಿಕೊಳ್ಳುವುದು ನನ್ನ ರೂಢಿ. ಗೇರ್‌ಬಾಕ್ಸಿಗೇ ಬಿಟ್ಟರೆ ಅದು ಯೋಚನೆ ಮಾಡುತ್ತಾ ಒಂದು ಸೆಕೆಂಡ್ ತಿನ್ನುತ್ತದೆ.

ಮೈಲೇಜ್ ಹೈವೇಯಲ್ಲಿ 17 ಬರುತ್ತಿತ್ತು, ಈಗ 16ರ ಆಸುಪಾಸು. ಸೀಸನ್‌ನಲ್ಲಿ 12. ಪೆಟ್ರೋಲಿಗೆ ಎಥನಾಲ್ (ಕಬ್ಬಿನಂಥ ಬೆಳೆಯಿಂದ ತೆಗೆಯುವ ಮದ್ಯಸಾರ) ಬೆರೆಸಿ ಗಾಡಿ ಹಾಳಾಯಿತು ಅಂತ ಎಲ್ಲರೂ ಬಯ್ಯುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 2030ಕ್ಕೆ ಅಂತ ಇಟ್ಟಿದ್ದ ಶೇ. 20 ಬೆರೆಸುವ ಗುರಿ 2025ರಲ್ಲೇ ಮುಟ್ಟಿದ್ದರಿಂದ ಹಳೆ ಗಾಡಿಗಳಿಗೆ ಕಷ್ಟ ಆಗಿದ್ದು ನಿಜ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಇಳಿಯುವುದೂ ನಿಜ. ಆದರೆ ವೇಗದ ಇಂಜಿನ್ನಿಗೆ ಎಥನಾಲ್ ಶತ್ರು ಅಲ್ಲ, ನೆಂಟ. ಅದರ ಆಕ್ಟೇನ್ (ನಾಕ್ ತಡೆಯುವ ಗುಣದ ಅಂಕ) 108ರ ಆಸುಪಾಸು, ಇಷ್ಟು ಎಥನಾಲ್ ಬೆರೆಸುವ ಮೊದಲು ನಮ್ಮ ಸಾದಾ ಪೆಟ್ರೋಲಿನದು 91 ಇತ್ತು. ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತಲ್ಲ, ಸಿಲಿಂಡರ್ ಒಳಗೂ ಅದೇ ಆಗುತ್ತದೆ. ತಣ್ಣಗಿದ್ದರೆ ಜಾಸ್ತಿ ಗಾಳಿ ಒತ್ತಬಹುದು. ಸ್ವೀಡನ್ನಿನ ಕೊನಿಗ್‌ಸೆಗ್ ಜೆಸ್ಕೊ ಕಾರಿನ 5 ಲೀಟರ್ ವಿ8 ಇಂಜಿನ್ ಪೆಟ್ರೋಲಿನಲ್ಲಿ 1,280 ಹಾರ್ಸ್‌ಪವರ್, ಶೇ. 85 ಎಥನಾಲ್ ಇರುವ ಇ85 ಹಾಕಿದರೆ 1,600. ಇಂಜಿನ್ ಅದೇ. ಜಾಸ್ತಿಯಾದ 320 ಕುದುರೆ ಬಂದಿದ್ದು ನಮ್ಮೂರಿನ ಡಿಸ್ಟಿಲರಿಯಲ್ಲಿ ತಯಾರಾಗುವಂಥ ಸರಕಿನಿಂದ! ಹಾಗಂತ ನೀವು ನಿಮ್ಮ ಕಾರಿಗೆ ಇ85 ಹುಡುಕಿಕೊಂಡು ಹೋಗಬೇಡಿ. ಅದಕ್ಕೆ ಇಂಜೆಕ್ಟರ್, ಪೈಪು, ಕಂಪ್ಯೂಟರ್ ಎಲ್ಲ ಬೇರೆ ಬೇಕು.

ಒಂದು ರಾತ್ರಿ ಅಂಗಡಿಯಲ್ಲಿ ಸುಮ್ನೆ ಕೂತು ಲೆಕ್ಕ ಹಾಕಿದೆ. 54,000 ಕಿ.ಮೀ.ಗೆ ಸುಮಾರು 3,600 ಲೀಟರ್. ಎಲ್ಲವೂ ಶೇ. 20ರದ್ದು ಅಂತ ಹಿಡಿದರೆ 720 ಲೀಟರ್ ಎಥನಾಲ್. ಒಂದು ಟನ್ ಕಬ್ಬಿನ ರಸ ನೇರವಾಗಿ ಎಥನಾಲ್ ಮಾಡಿದರೆ ಸುಮಾರು 70 ಲೀಟರ್ ಬರುತ್ತದೆ. ಅಂದ್ರೆ ನನ್ನ ಕಾರು ಇಲ್ಲಿಯವರೆಗೆ ಹತ್ತು ಟನ್, ಹತ್ತಿರ ಹತ್ತಿರ ಒಂದು ಡಬ್ಬಿ ಕಬ್ಬು ಕುಡಿದಿದೆ. ಬಯ್ದುಕೊಂಡು ದಾಟುವ ಟ್ರ್ಯಾಕ್ಟರ್ ನನಗೇ ಇಂಧನ ಹೊತ್ತುಕೊಂಡು ಹೋಗುತ್ತಿತ್ತು. ಆ ಡಬ್ಬಿಗೆ ಕೃಷ್ಣೆ, ಘಟಪ್ರಭೆಯ ನೀರೆಷ್ಟು ಹೋಯಿತು ಅನ್ನುವ ಲೆಕ್ಕ ಬೇರೆ. ಡ್ರಿಪ್ ಮಾರುವವನು ಅದನ್ನು ತೆಗೆದರೆ ವ್ಯಾಪಾರದ ಮಾತು ಅನ್ನುತ್ತೀರಿ, ಬಿಡಿ.

ಹೆಂಡತಿಯ ತಮ್ಮ ಬೆಳಗಾವಿಯಲ್ಲಿದ್ದಾನೆ. ಹೋದ ವರ್ಷ ಎಲೆಕ್ಟ್ರಿಕ್ ಕಾರು ತಗೊಂಡ. ಬಂದಾಗಲೆಲ್ಲ ಅದೇ ಮಾತು: "ಮಾಮಾ, ಇನ್ನ ಎಷ್ಟ ದಿನ ಪೆಟ್ರೋಲ್ ಸುಡ್ತೀರಿ?" ನನ್ನ ಟ್ರ್ಯಾಕ್ಟರ್ ಪರೀಕ್ಷೆಗೆ ಅವನ ಗಾಡಿಯನ್ನೂ ಹಾಕಿದೆವು. ನಾಲ್ಕು ಸೆಕೆಂಡ್. ಗೇರ್ ಇಳಿಸುವುದಿಲ್ಲ, ಟರ್ಬೊ ತುಂಬಲಿ ಅಂತ ಕಾಯುವುದಿಲ್ಲ, ಕಾಲಿಟ್ಟ ಗಳಿಗೆಯಲ್ಲೇ ಟಾರ್ಕ್ ಪೂರ್ತಿ. 42 ಡಿಗ್ರಿ ಬಿಸಿಲಲ್ಲೂ ಅಷ್ಟೇ. ನಾನೇ ಮಾಡಿದ ಪರೀಕ್ಷೆಯಲ್ಲಿ ನಾನೇ ಸೋತೆ.

ಅವತ್ತಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ನನ್ನ ಇಂಜಿನ್ನಿನ ದೊಡ್ಡ ಗುಣ ಅಂತ ನಾನು ಹೇಳಿಕೊಂಡು ತಿರುಗಿದ್ದು ಕೆಳಗಿನ ಆರ್‌ಪಿಎಂನ ಟಾರ್ಕ್. ಆ ಕೆಲಸವನ್ನು ಮೋಟರ್ ನನಗಿಂತ ಚೆನ್ನಾಗಿ ಮಾಡುತ್ತದೆ. ಹಾಗಾದರೆ ಇಂಜಿನ್ನಿಗೆ ಉಳಿದ ಕೆಲಸ ಏನು? ದೊಡ್ಡ ಕಂಪನಿಗಳೂ ಇದನ್ನೇ ಕೇಳಿಕೊಂಡು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಂತಿದೆ. ಪೋರ್ಷೆ 2024ರಲ್ಲಿ 911 ಜಿಟಿಎಸ್‌ನ ಎರಡು ಟರ್ಬೊ ತೆಗೆದು ಒಂದೇ ಇಟ್ಟಿತು, ಅದರ ದಂಡಕ್ಕೆ ಪುಟ್ಟ ಮೋಟರ್ ಜೋಡಿಸಿತು. ಹೊಗೆ ಬರುವ ತನಕ ಕಾಯದೆ ಕರೆಂಟಿನಲ್ಲೇ ಟರ್ಬೊ ತಿರುಗುತ್ತದೆ. ಮರ್ಸಿಡಿಸ್ ಎಎಂಜಿ ಸಿ63 ಕಾರಿನ 4 ಲೀಟರ್ ವಿ8 ತೆಗೆದು 2 ಲೀಟರ್ ನಾಲ್ಕು ಸಿಲಿಂಡರ್ ಜೊತೆ ಮೋಟರ್ ಇಟ್ಟಿತು. ಕಾಗದದ ಮೇಲೆ ಶಕ್ತಿ 680 ಹಾರ್ಸ್‌ಪವರ್, ತೂಕ ಎರಡು ಟನ್ ಮೇಲೆ. ವಿ8 ಗುಡುಗು ಬೇಕಿದ್ದವರಿಗೆ ಅದು ಸೇರಲಿಲ್ಲ. ಬುಗಾಟಿ ಪೂರ್ತಿ ಉಲ್ಟಾ ಹೋಯಿತು. ಶಿರಾನ್‌ನಲ್ಲಿ ನಾಲ್ಕು ಟರ್ಬೊ ಇದ್ದವು. 2024ರಲ್ಲಿ ತೋರಿಸಿದ ಟೂರ್ಬಿಯಾನ್‌ನಲ್ಲಿ ಒಂದೂ ಇಲ್ಲ. 8.3 ಲೀಟರಿನ ವಿ16 ತನ್ನಷ್ಟಕ್ಕೆ ಉಸಿರಾಡುತ್ತದೆ, ಕೆಳಗಿನ ಎಳೆತ ಮೋಟರುಗಳ ಪಾಲು. ನನಗೆ ಇದೇ ಸರಿ ಅನಿಸಿದ್ದು. ಮೋಟರ್ ಬಂದ ಮೇಲೆ ಮೊದಲು ಕೆಲಸ ಕಳೆದುಕೊಳ್ಳುವುದು ಇಂಜಿನ್ ಅಲ್ಲ, ಟರ್ಬೊ. ಫಾರ್ಮುಲಾ ಒನ್ ಕೂಡ 2026ರಿಂದ ಟರ್ಬೊಗೆ ಕಟ್ಟಿದ್ದ ಮೋಟರ್ ಕಿತ್ತು ಹಾಕಿ, ಚಕ್ರ ಎಳೆಯುವ ಮೋಟರನ್ನು 120ರಿಂದ 350 ಕಿಲೋವ್ಯಾಟ್‌ಗೆ ಏರಿಸಿದೆ.

ಹ್ಯುಂಡೈ ಐಯಾನಿಕ್ 5 ಎನ್ ಅಂತ ಒಂದು ಎಲೆಕ್ಟ್ರಿಕ್ ಇದೆ, 2023ರದ್ದು. ಗೇರೇ ಇಲ್ಲದ ಆ ಗಾಡಿಯಲ್ಲಿ ಗೇರ್ ಬದಲಾದ ಹಾಗೆ ಒದೆತ, ಇಂಜಿನ್ ಕೂಗಿದ ಹಾಗೆ ಸ್ಪೀಕರಿನಲ್ಲಿ ಶಬ್ದ. ಓದಿದಾಗ ನಗು ಬಂತು. ಆಮೇಲೆ ಚೋರ್ಲಾದಲ್ಲಿ ಕಿಟಕಿ ಇಳಿಸಿದ್ದು ನೆನಪಾಗಿ ಸುಮ್ಮನಾದೆ.

ಇನ್ನೊಮ್ಮೆ ಇದೇ ಕಾರು ತಗೊಳ್ಳುತ್ತೀರಾ ಅಂತ ಅಂಗಡಿಗೆ ಬರುವ ಹುಡುಗರು ಕೇಳುತ್ತಾರೆ. ಮ್ಯಾನುಯಲ್ ಗೇರಿನದು ಸಿಕ್ಕರೆ ಇವತ್ತೇ ಹೌದು. ಡಿಸಿಟಿ, ಕಾರ್ಖಾನೆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಬೇಡ. ಊರೊಳಗೇ ತಿರುಗುವವರು ಟರ್ಬೊ ತಗೊಂಡರೆ ದಂಡ, ಇಂಜಿನ್ ಕಾಯುವ ಮೊದಲೇ ಮನೆ ಬಂದಿರುತ್ತದೆ. ಟೈರ್ 42,000ಕ್ಕೆ ಬದಲಿಸಿದೆ. 60,000ಕ್ಕೆ ಪ್ಲಗ್ ಬದಲಿಸುವಾಗ ಸಣ್ಣ ಕ್ಯಾಮೆರಾ ಒಳಗೆ ಇಳಿಸಿ ಇನ್‌ಟೇಕ್ ವಾಲ್ವ್ (ಗಾಳಿ ಒಳಗೆ ಬಿಡುವ ಬಾಗಿಲು) ನೋಡಿಸಬೇಕು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ವಾಲ್ವ್ ಮೇಲೆ ಬೀಳದೆ ನೇರ ಒಳಗೆ ಹೋಗುವುದರಿಂದ ಅಲ್ಲಿ ಮಸಿ ಕಟ್ಟುತ್ತದೆ, ತೊಳೆಯುವವರು ಯಾರೂ ಇಲ್ಲ.

ಹೋದ ತಿಂಗಳು ಹೆಂಡತಿಯ ತಮ್ಮನೂ ನಾನೂ ಒಂದು ವಾರ ಗಾಡಿ ಅದಲು ಬದಲು ಮಾಡಿಕೊಂಡೆವು. ಅವನದರಲ್ಲಿ ನಾನು ಮುಧೋಳ ಬಾಗಲಕೋಟೆ ಓಡಾಡಿದೆ, ರಾತ್ರಿ ಅಂಗಡಿ ಮುಂದೆ ಚಾರ್ಜಿಗೆ ಹಚ್ಚಿದೆ, ತಕರಾರಿಲ್ಲ. ಅವನು ನನ್ನದು ಹಿಡಿದು ಚೋರ್ಲಾ ಮೇಲಿಂದ ಗೋವಾಕ್ಕೆ ಹೋಗಿ ಬಂದ. ಎರಡು ದಿನಕ್ಕೆ ಅಂದವನು ಐದು ದಿನ ಬಿಟ್ಟು ತಂದ. ಪೆಟ್ರೋಲ್ ಸುಡುವುದರ ಬಗ್ಗೆ ಒಂದು ಮಾತಿಲ್ಲ, ಟ್ಯಾಂಕ್ ಪೂರ್ತಿ ಖಾಲಿ.