ಮುಳ್ಳಯ್ಯನಗಿರಿಗೆ ಗೇಟರೇಡ್ ಬೇಕೆ?

ಚಿಕ್ಕಮಗಳೂರಿನ ಯಾವುದಾದರೂ ಬೇಕರಿಗೆ ಹೋಗಿ ‘ಬೆಟ್ಟಕ್ಕೆ ಹೋಗ್ತಿದೀವಿ, ಎನರ್ಜಿ ಡ್ರಿಂಕ್ ಏನಿದೆ?’ ಎಂದು ಕೇಳಿದರೆ ಕೈಗೆ ಬರುವುದು ಒಂದೋ ಗೇಟರೇಡ್, ಇಲ್ಲವೇ ಸ್ಟಿಂಗ್, ಅದೂ ಇಲ್ಲದಿದ್ದರೆ ಗ್ಲುಕೋಸ್ ಪುಡಿ. ಅಣ್ಣ ತಮ್ಮಂದಿರ ಹಾಗೆ ಮೂರೂ ಅಕ್ಕಪಕ್ಕ ನಿಂತಿರುತ್ತವೆ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಸ್ಟಿಂಗ್, ರೆಡ್ ಬುಲ್ ಥರದವು ಕೆಫೀನ್ ಪೇಯಗಳು, 250 ಮಿ.ಲೀ. ರೆಡ್ ಬುಲ್‌ನಲ್ಲಿ 75ರಿಂದ 80 ಮಿ.ಗ್ರಾಂ ಕೆಫೀನ್ ಇರುತ್ತದೆ. ಕಾಫಿ ಬೆಳೆಯುವ ಊರಿನಲ್ಲಿ ಕೆಫೀನಿಗಾಗಿ ಬಣ್ಣದ ನೀರು ಕೊಳ್ಳುವುದು ಯಾಕೋ, ಅದು ಬೇರೆ ಮಾತು. ಸಾದಾ ಗ್ಲುಕೋಸ್ ಪುಡಿ ಬಹುತೇಕ ಬರೀ ಡೆಕ್ಸ್‌ಟ್ರೋಸ್, ಅದರಲ್ಲಿ ಉಪ್ಪಿನ ಅಂಶ ನೆಪಮಾತ್ರಕ್ಕೆ. ಈ ಮೂರರಲ್ಲಿ ಬೆವರಿನ ಲೆಕ್ಕ ಹಾಕಿ ತಯಾರಾದದ್ದು ಗೇಟರೇಡ್ ಒಂದೇ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಗಂಟೆಗೂ ಹೆಚ್ಚು ಹೊತ್ತು ಬೆವರು ಸುರಿಸಿ ಓಡುವವರಿಗೆ, ಸೈಕಲ್ ತುಳಿಯುವವರಿಗೆ, ಕುದುರೆಮುಖ ಏರುವವರಿಗೆ ಗೇಟರೇಡ್ ಕೆಲಸಕ್ಕೆ ಬರುತ್ತದೆ, ಆದರೆ ಉಪ್ಪು ಸಾಲದು. ಕಾರಿನಲ್ಲಿ ಸೀತಾಳಯ್ಯನಗಿರಿ ದಾಟಿ, ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ, ಫೋಟೋ ತೆಗೆದುಕೊಂಡು ಇಳಿಯುವವರಿಗೆ ಅದು ₹50ರ ಆಸುಪಾಸಿನ ಸಕ್ಕರೆ ನೀರು.

ಲೆಕ್ಕ ನೋಡಿ. ಗೇಟರೇಡ್‌ನ ಮೂಲ ಪೇಯದಲ್ಲಿ 100 ಮಿ.ಲೀ.ಗೆ ಸುಮಾರು 6 ಗ್ರಾಂ ಸಕ್ಕರೆ, 45 ಮಿ.ಗ್ರಾಂ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಮುಖ್ಯ ಅಂಶ. ದೇಶ ಬದಲಾದರೆ, ಫ್ಲೇವರ್ ಬದಲಾದರೆ ಅಂಕಿ ಕೊಂಚ ಆಚೀಚೆ ಆಗುತ್ತದೆ. ಅರ್ಧ ಲೀಟರ್ ಬಾಟಲಿಗೆ ಸಕ್ಕರೆ 30 ಗ್ರಾಂ, ಅಂದರೆ ಏಳು ಚಮಚಕ್ಕೂ ಮೇಲೆ; ಸೋಡಿಯಂ 225 ಮಿ.ಗ್ರಾಂ. ಇನ್ನು ಬೆವರಿನ ಕಡೆ ಬನ್ನಿ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ 900 ಮಿ.ಗ್ರಾಂ ಸೋಡಿಯಂ ಹೋಗುತ್ತದೆ. ಕೆಲವರಿಗೆ ಅದರ ಅರ್ಧ, ಕೆಲವರಿಗೆ ಅದರ ಎರಡರಷ್ಟು. ಟೋಪಿಯ ಅಂಚಿನಲ್ಲಿ, ಬ್ಯಾಗಿನ ಪಟ್ಟಿಯಲ್ಲಿ ಬಿಳಿ ಗೆರೆ ಮೂಡುವವರು ಎರಡನೇ ಗುಂಪಿನವರು. ಏರು ದಾರಿಯಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಸಾಮಾನ್ಯ. ಅಷ್ಟು ಸುರಿಸಿ ಒಂದು ಬಾಟಲಿ ಕುಡಿದರೆ ಕಳೆದುಹೋದ ಉಪ್ಪಿನ ಕಾಲು ಭಾಗ ಮಾತ್ರ ಮರಳುತ್ತದೆ. ಹಾಗಿದ್ದರೂ ಇಷ್ಟು ಕಡಿಮೆ ಉಪ್ಪು ಏಕೆ ಹಾಕುತ್ತಾರೆ? ಅದಕ್ಕಿಂತ ಹೆಚ್ಚು ಹಾಕಿದರೆ ರುಚಿ ಕೆಡುತ್ತದೆ, ಬಾಟಲಿ ಮಾರಾಟವಾಗುವುದಿಲ್ಲ.

ರುಚಿಯ ಈ ಜಗಳ ಹುಟ್ಟಿನಿಂದಲೇ ಇದೆ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಒಬ್ಬರು ಮೂತ್ರಪಿಂಡ ತಜ್ಞ ರಾಬರ್ಟ್ ಕೇಡ್ ಅವರ ತಂಡಕ್ಕೆ ಒಂದು ಪ್ರಶ್ನೆ ಹಾಕಿದರು: ಆಡುವಾಗ ಹುಡುಗರಿಗೆ ಮೂತ್ರವೇ ಬರುವುದಿಲ್ಲವಲ್ಲ, ಯಾಕೆ? ಒಳಗಿನ ನೀರೆಲ್ಲ ಬೆವರಾಗಿ ಹೋಗುತ್ತಿತ್ತು. ಕೇಡ್ ಮತ್ತು ಜೊತೆಗಾರರು ನೀರು, ಉಪ್ಪು, ಸಕ್ಕರೆ ಕಲಸಿದರು. ಬಾಯಿಗಿಡಲಾಗದ ರುಚಿ. ಕೇಡ್ ಅವರ ಪತ್ನಿ ನಿಂಬೆರಸ ಹಿಂಡಲು ಹೇಳಿದ ಮೇಲೆ ಅದು ಕುಡಿಯುವ ಹಾಗಾಯಿತು. ನಮ್ಮ ಕಡೆಯ ಉಪ್ಪು-ಸಕ್ಕರೆಯ ನಿಂಬೆ ಪಾನಕವೇ, ಅಳತೆ ಮಾಡಿ ಕಲಸಿದ್ದು. ತಂಡದ ಹೆಸರು ಗೇಟರ್ಸ್, ಪೇಯ ಗೇಟರೇಡ್ ಆಯಿತು. 1967ರ ಜನವರಿ 2ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಟೆಕ್ ತಂಡವನ್ನು ಅವರು ಮಣಿಸಿದ ಮೇಲೆ ಈ ಪೇಯದ ಹೆಸರು ದೇಶವೆಲ್ಲ ಹಬ್ಬಿತು.

ಅಲ್ಲಿಂದಾಚೆಗಿನದು ಪೂರಾ ವ್ಯಾಪಾರದ ಕಥೆ. 1967ರಲ್ಲಿ ಸ್ಟೋಕ್ಲಿ-ವ್ಯಾನ್ ಕ್ಯಾಂಪ್ ಕಂಪನಿ ಹಕ್ಕು ಪಡೆಯಿತು. ಲಾಭ ಕಂಡೊಡನೆ ವಿಶ್ವವಿದ್ಯಾಲಯ ಪಾಲು ಕೇಳಿ ಕೋರ್ಟಿಗೆ ಹೋಯಿತು. ಕೊನೆಗೆ ರಾಯಲ್ಟಿಯಲ್ಲಿ ಶೇ 20ರಷ್ಟು ವಿಶ್ವವಿದ್ಯಾಲಯಕ್ಕೆ ಎಂದು ರಾಜಿಯಾಯಿತು. 1983ರಲ್ಲಿ ಇಡೀ ಕಂಪನಿಯನ್ನೇ ಕ್ವೇಕರ್ ಓಟ್ಸ್ ಕೊಂಡಿತು. ಕೋಕಾ-ಕೋಲಾ 1988ರಲ್ಲಿ ಪವರೇಡ್ ತಂದು ಎದುರು ನಿಂತಿತು, ಒಲಿಂಪಿಕ್ಸ್ ನಂಟನ್ನೇ ಬಂಡವಾಳ ಮಾಡಿಕೊಂಡಿತು. ಗೇಟರೇಡ್ 1990ರ ದಶಕದ ಆರಂಭದಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡಾನ್‌ನನ್ನು ಹಿಡಿದುಕೊಂಡಿತು. ಗೆದ್ದ ಕೋಚ್‌ನ ತಲೆ ಮೇಲೆ ಕಿತ್ತಳೆ ಬಣ್ಣದ ಡ್ರಮ್ಮಿನಿಂದ ಗೇಟರೇಡ್ ಸುರಿಯುವ ಪದ್ಧತಿಯಂತೂ ಕಂಪನಿಗೆ ಪುಕ್ಕಟೆ ಜಾಹೀರಾತು. 1980ರ ದಶಕದಲ್ಲಿ ಆಟಗಾರರೇ ಶುರು ಮಾಡಿದ್ದು.

ಈ ಪೈಪೋಟಿಯ ನಿಜವಾದ ತಿರುವು ಬಂದದ್ದು 2000ರಲ್ಲಿ, ಅದೂ ಮೈದಾನದಲ್ಲಲ್ಲ. ಕ್ವೇಕರ್ ಮಾರಾಟಕ್ಕೆ ಬಂದಿತ್ತು. ಎಲ್ಲರ ಕಣ್ಣೂ ಅದರೊಳಗಿನ ಗೇಟರೇಡ್ ಮೇಲೆ. ಕೋಕಾ-ಕೋಲಾ ಮಾತುಕತೆ ಮುಗಿಸಿ ಇನ್ನೇನು ಸಹಿ ಹಾಕಬೇಕು ಎನ್ನುವಾಗ ಅದರದೇ ಆಡಳಿತ ಮಂಡಳಿ, ಹೂಡಿಕೆದಾರ ವಾರೆನ್ ಬಫೆಟ್ ಇದ್ದ ಮಂಡಳಿ, ಬೆಲೆ ಜಾಸ್ತಿಯಾಯಿತೆಂದು ಕೈಬಿಟ್ಟಿತು. ಪೆಪ್ಸಿಕೊ ಬಿಡಲಿಲ್ಲ, 1300 ಕೋಟಿ ಡಾಲರಿಗೂ ಹೆಚ್ಚಿನ ಮೌಲ್ಯದ ಆ ವ್ಯವಹಾರ 2001ರಲ್ಲಿ ಮುಗಿಯಿತು. ಆ ಒಂದು ಸಭೆಯ ನಿರ್ಧಾರಕ್ಕೆ ಕೋಕ್ ಇವತ್ತಿಗೂ ಬೆಲೆ ತೆರುತ್ತಿದೆ ಎನ್ನಬಹುದು. 2021ರಲ್ಲಿ ಬಾಡಿಆರ್ಮರ್ ಎಂಬ ಹೊಸಬರ ಬ್ರ್ಯಾಂಡನ್ನು ಪೂರ್ತಿ ತನ್ನದಾಗಿಸಿಕೊಳ್ಳಲು ಅದು 560 ಕೋಟಿ ಡಾಲರ್ ಸುರಿಯಬೇಕಾಯಿತು. ಇಷ್ಟೆಲ್ಲ ಕೈ ಬದಲಾದರೂ ಬಾಟಲಿಯೊಳಗಿನ ಸಕ್ಕರೆ-ಉಪ್ಪಿನ ಲೆಕ್ಕದಲ್ಲಿ ಪವರೇಡ್‌ಗೂ ಗೇಟರೇಡ್‌ಗೂ ಅಜಗಜಾಂತರವೇನಿಲ್ಲ. ಜಗಳವಿದ್ದದ್ದು ಕಪಾಟಿನ ಜಾಗಕ್ಕೆ, ಆಟಗಾರನ ಕೈಗೆ.

ಭಾರತದಲ್ಲಿ ಜಗಳ ಇನ್ನೊಂದು ಥರ. ಇಲ್ಲಿ ಬೇಸಿಗೆಯ ಪೇಯವೆಂದರೆ ಬಹಳ ಕಾಲದಿಂದ ಗ್ಲುಕೋಸ್ ಪುಡಿ. ಅದರಲ್ಲಿ ಹಿರಿಯಣ್ಣನಾದ ಗ್ಲುಕಾನ್-ಡಿ ಗ್ಲ್ಯಾಕ್ಸೊದಿಂದ ಹೈಂಜ್‌ಗೆ, 2019ರಲ್ಲಿ ಹೈಂಜ್‌ನಿಂದ ಝೈಡಸ್‌ಗೆ ಕೈ ಬದಲಾಯಿಸಿತು. ಕೋಕ್ ಪವರೇಡನ್ನು ನಂಬಿ ಕೂರದೆ, 1970ರ ದಶಕದಿಂದ ಜನರ ಬಾಯಲ್ಲಿರುವ ಲಿಮ್ಕಾ ಹೆಸರನ್ನೇ ಬಳಸಿ 2022ರಲ್ಲಿ ಲಿಮ್ಕಾ ಸ್ಪೋರ್ಟ್ಸ್ ತಂದಿತು, ನೀರಜ್ ಚೋಪ್ರಾ ಅವರನ್ನು ಮುಂದೆ ನಿಲ್ಲಿಸಿತು. 2025ರಲ್ಲಿ ರಿಲಯನ್ಸ್, ಸ್ಪಿನ್ ಮಾಂತ್ರಿಕ ಮುತ್ತಯ್ಯ ಮುರಳೀಧರನ್ ಜೊತೆ ಸೇರಿ ಸ್ಪಿನ್ನರ್ ಇಳಿಸಿತು: 150 ಮಿ.ಲೀ., ₹10. ಬೆಲೆಯ ಏಟು ಸರಿಯಾಗಿಯೇ ಬಿದ್ದಿದೆ. ಆದರೆ ಅಳತೆ ಮರೆಯಬೇಡಿ. 150 ಮಿ.ಲೀ. ಎಂದರೆ ಒಂದು ಲೋಟ. ಏರುವವನಿಗೆ ಗಂಟೆಗೆ ಬೇಕಾದದ್ದು 400ರಿಂದ 600 ಮಿ.ಲೀ., ಅಂದರೆ ಮೂರ್ನಾಲ್ಕು ಬಾಟಲಿ. ಲೀಟರ್ ಲೆಕ್ಕಕ್ಕೆ ಇಳಿಸಿದರೆ ₹67 ಆಗುತ್ತದೆ. ಗೇಟರೇಡ್‌ಗಿಂತ ಅಗ್ಗವೇ, ಆದರೆ ಕಾಣುವಷ್ಟು ಅಗ್ಗವಲ್ಲ.

ಯಾವುದನ್ನೇ ಕೊಳ್ಳಿ, ಬಾಟಲಿ ತಿರುಗಿಸಿ ಎರಡೇ ಸಾಲು ಓದಿ: 100 ಮಿ.ಲೀ.ಗೆ ಸಕ್ಕರೆ ಎಷ್ಟು, ಸೋಡಿಯಂ ಎಷ್ಟು. ಸಕ್ಕರೆ 4ರಿಂದ 8 ಗ್ರಾಂ ಒಳಗಿರಲಿ. ಅದಕ್ಕಿಂತ ಮೇಲೆ ಹೋದರೆ ಹೊಟ್ಟೆಯಿಂದ ಕರುಳಿಗೆ ಇಳಿಯುವುದು ನಿಧಾನವಾಗಿ, ನಡೆಯುವಾಗ ಕುಲುಕುಲು ಎನ್ನುತ್ತದೆ, ವಾಕರಿಕೆ ಬರುತ್ತದೆ. ಕೋಲಾ, ಹಣ್ಣಿನ ರಸ 10 ಗ್ರಾಂ ದಾಟುತ್ತವೆ, ಅದಕ್ಕೇ ಓಡುವಾಗ ಅವು ಹೊಂದುವುದಿಲ್ಲ. ಸೋಡಿಯಂ 40 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಅದು ಶರಬತ್ತು, ಕ್ರೀಡಾಪೇಯವಲ್ಲ. ಮುಂಬದಿಯಲ್ಲಿ ‘ಎಲೆಕ್ಟ್ರೋಲೈಟ್’ (ಲವಣಾಂಶ) ಎಂದು ದಪ್ಪಗೆ ಬರೆದದ್ದನ್ನು ನಂಬಿ ಹಣ ಕೊಡಬೇಡಿ. ‘ಝೀರೋ’ ಎಂದಿದ್ದರೆ ಸಕ್ಕರೆ ಇಲ್ಲ, ಸಿಹಿಕಾರಕ ಇದೆ. ಮೂರು ಗಂಟೆಯ ಏರಿಗೆ ಅದರಿಂದ ಶಕ್ತಿ ಸಿಗುವುದಿಲ್ಲ. ಅಂಕಿಗಳು 100 ಮಿ.ಲೀ.ಗೋ ಒಂದು ಸರ್ವಿಂಗ್‌ಗೋ ಎಂಬುದನ್ನೂ ನೋಡಿ, ಮೋಸ ಹೋಗುವುದು ಹೆಚ್ಚಾಗಿ ಅಲ್ಲೇ.

ಗೇಟರೇಡನ್ನೇ ಸುಧಾರಿಸಿ ಒಯ್ಯುವ ಕ್ರಮವೂ ಇದೆ. 750 ಮಿ.ಲೀ. ಬಾಟಲಿಗೆ 500 ಮಿ.ಲೀ. ಗೇಟರೇಡ್, 250 ಮಿ.ಲೀ. ನೀರು, ಕಾಲು ಚಮಚದಲ್ಲಿ ಅರ್ಧದಷ್ಟು ಉಪ್ಪು. ಸಕ್ಕರೆ 100 ಮಿ.ಲೀ.ಗೆ 4 ಗ್ರಾಮಿಗೆ ಇಳಿಯುತ್ತದೆ, ಸೋಡಿಯಂ ಲೀಟರಿಗೆ ಸುಮಾರು 690 ಮಿ.ಗ್ರಾಮಿಗೆ ಏರುತ್ತದೆ. ಕುಡಿದಾಗ ಉಪ್ಪು ನಾಲಿಗೆಗೆ ತಟ್ಟುತ್ತದೆ. ಬೆವರಿದ ಮೇಲೆ ಅದೇ ರುಚಿ ಹಿತವೆನಿಸುತ್ತದೆ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ 10 ಚಮಚ ಸಕ್ಕರೆ, ಕಾಲು ಚಮಚ ಉಪ್ಪು, ಎರಡು ನಿಂಬೆಹಣ್ಣಿನ ರಸ. ಕಾಲು ಚಮಚವೆಂದರೆ ಸುಮಾರು 1.5 ಗ್ರಾಂ ಉಪ್ಪು, ಅದರಲ್ಲಿ 590 ಮಿ.ಗ್ರಾಂ ಸೋಡಿಯಂ. ನಿಂಬೆಯ ಬದಲು ಪುನರ್ಪುಳಿ ಸಾರ ಹಾಕಿದರೂ ನಡೆಯುತ್ತದೆ, ಮಲೆನಾಡಿನವರ ನಾಲಿಗೆಗೆ ಅದೇ ಒಗ್ಗುತ್ತದೆ. ಖರ್ಚು ಹತ್ತಿಪ್ಪತ್ತು ರೂಪಾಯಿ.

ಎಳನೀರನ್ನು ಪ್ರಕೃತಿಯೇ ಕೊಟ್ಟ ಗೇಟರೇಡ್ ಎಂದು ಹೊಗಳುವುದುಂಟು. ಅರ್ಧ ಸತ್ಯ. ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದಕ್ಕೆ ತಿರುಗಮುರುಗ. ಕಡೂರು, ಅರಸೀಕೆರೆ ಕಡೆಯ ಬಿಸಿಲಿನಲ್ಲಿ ಸೈಕಲ್ ತುಳಿಯುವವರು ಎಳನೀರಿನ ಜೊತೆ ಒಂದು ಹಿಡಿ ಉಪ್ಪುಕಡಲೆ ಅಥವಾ ಕಾಂಗ್ರೆಸ್ ಕಡಲೆಕಾಯಿ ತಿಂದರೆ ಲೆಕ್ಕ ಸರಿಹೋಗುತ್ತದೆ. ನಂದಿನಿ ಮಜ್ಜಿಗೆ ಪ್ಯಾಕೆಟ್ ಆಟ ಮುಗಿದ ಮೇಲೆ ಬಹಳ ಒಳ್ಳೆಯದು. ಉಪ್ಪಿದೆ, ನೀರಿದೆ, ಸಕ್ಕರೆ ಇಲ್ಲದ್ದರಿಂದ ಓಟದ ನಡುವೆ ಶಕ್ತಿಗೆ ಸಾಲದು. ಬಿಸಿಲಿಗೆ ಬ್ಯಾಗಿನಲ್ಲಿ ನಾಲ್ಕು ಗಂಟೆ ಇಟ್ಟರೆ ಹುಳಿ ಬರುತ್ತದೆ, ಆಮೇಲೆ ಬಾಯಿಗಿಡಲಾಗದು.

ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ದ್ರಾವಣದ ವಿಷಯದಲ್ಲಿ ಜನ ಮಾಡುವ ತಪ್ಪು ಒಂದೇ, ಆದರೆ ದೊಡ್ಡದು. 21.8 ಗ್ರಾಂ ಎಲೆಕ್ಟ್ರಾಲ್ ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನು ಪೂರಾ ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರಾವಣ ಎರಡು ಪಟ್ಟು ಗಟ್ಟಿಯಾಗಿ, ಕರುಳು ನೀರು ಹೀರುವ ಬದಲು ತನ್ನಿಂದಲೇ ನೀರು ಬಿಡುತ್ತದೆ. ಚಿಕ್ಕ ಬಾಟಲಿಗೆ 4.4 ಗ್ರಾಮಿನ ಪೊಟ್ಟಣ ಸಿಗುತ್ತದೆ, ಅದು 200 ಮಿ.ಲೀ.ಗೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಉಪ್ಪು ಗೇಟರೇಡ್‌ನ ಮೂರ್ನಾಲ್ಕು ಪಟ್ಟು, ಸಕ್ಕರೆ ಕಾಲು ಭಾಗಕ್ಕೂ ಕಡಿಮೆ. ಅದು ಭೇದಿಗೆ ಮದ್ದು. ಬೆಟ್ಟದಲ್ಲಿ ಯಾರಾದರೂ ಬಸವಳಿದರೆ ಬ್ಯಾಗಿನಲ್ಲೊಂದು ಇರಲಿ. ಹೆಸರಿನಲ್ಲಿ ಓಆರ್‌ಎಸ್ ಅಂಟಿಸಿಕೊಂಡು ಸಿಹಿ ಪೇಯ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಬೆನ್ನುಹತ್ತಿದ್ದರ ಫಲ ಅದು.

‘ನೀರು ಕುಡಿದಷ್ಟೂ ಒಳ್ಳೆಯದು’ ಎಂಬ ಮಾತನ್ನು ಗೈಡ್‌ಗಳೂ ಹೇಳುತ್ತಾರೆ. ತಪ್ಪು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕುಸಿದಿತ್ತು. ಬೇಕಾದ್ದಕ್ಕಿಂತ ಹೆಚ್ಚು ಕುಡಿದು ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಹೆಚ್ಚು. ಗೇಟರೇಡ್ ಕುಡಿದರೂ ಇದು ತಪ್ಪುವುದಿಲ್ಲ, ಅದರಲ್ಲೂ ರಕ್ತಕ್ಕಿಂತ ಉಪ್ಪು ಬಹಳ ಕಡಿಮೆ. ಬೆರಳಿನ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಾತು ತಡವರಿಸುವುದು ಕಂಡರೆ ಮತ್ತೆ ನೀರು ಕುಡಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ. ಮೈದಾನದಲ್ಲಿ ಅಭ್ಯಾಸ ಮಾಡುವವರಿಗೆ ಸುಲಭದ ಅಳತೆ ತಕ್ಕಡಿ: ಮೊದಲು, ಆಮೇಲೆ ತೂಕ ನೋಡಿ, ಒಂದು ಕಿಲೋ ಇಳಿದರೆ ಒಂದು ಲೀಟರ್ ಹೋಗಿದೆ ಎಂದರ್ಥ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಯಿತು.

ಮಳೆಗಾಲದಲ್ಲಿ ಮಲೆನಾಡಿನ ತೊಡಕು ಬೇರೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ರೇನ್‌ಕೋಟಿನೊಳಗೆ ಸುರಿಯುತ್ತಲೇ ಇರುತ್ತದೆ. ಚಳಿಗೆ ಬಾಯಾರಿಕೆಯೂ ಗೊತ್ತಾಗುವುದಿಲ್ಲ. ಹೋಗಿ ಬರಲು 20 ಕಿ.ಮೀ. ದಾಟುವ ಕುದುರೆಮುಖ ಚಾರಣಕ್ಕೆ ಮೂರು ಲೀಟರ್ ಲೆಕ್ಕ ಹಿಡಿಯಿರಿ: ಎರಡರಲ್ಲಿ ಪೇಯ, ಒಂದರಲ್ಲಿ ಬರೀ ನೀರು. ಬುತ್ತಿಯಲ್ಲಿ ಚಿತ್ರಾನ್ನ, ಉಪ್ಪಿನಕಾಯಿ ಇದ್ದರೆ ಊಟದಾಚೆಗೆ ಬರೀ ನೀರೇ ಸಾಕು, ಉಪ್ಪು ತಟ್ಟೆಯಲ್ಲೇ ಬಂದಿರುತ್ತದೆ. ಬಾಟಲಿಗಿಂತ ಪುಡಿ ಒಯ್ಯುವುದು ಹಗುರ, ವಾಪಸ್ ಹೊತ್ತು ತರುವ ಪ್ಲಾಸ್ಟಿಕ್ಕೂ ಕಡಿಮೆ.

ತಣ್ಣಗಿರಲಿ ಎಂದು ಗೇಟರೇಡನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಒಯ್ಯುವವರು ಗಮನಿಸಿ: ಮೊದಲು ಕರಗಿ ಬರುವುದು ಸಕ್ಕರೆ-ಉಪ್ಪಿನ ಗಟ್ಟಿ ಪಾಕ, ಮಧ್ಯಾಹ್ನಕ್ಕೆ ಉಳಿಯುವುದು ಸಪ್ಪೆ ಮಂಜುಗಡ್ಡೆ. ಅರ್ಧ ಕರಗಿದ ಮೇಲೆ ಕುಲುಕಿ ಕುಡಿಯಿರಿ. ಇದರ ಆಮ್ಲತೆ ಕೋಲಾಗಳ ಹತ್ತಿರಕ್ಕಿದೆ, ಪಿಎಚ್ 3ರ ಆಸುಪಾಸು. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ, ನಡುನಡುವೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಬೆನ್ನಚೀಲದೊಳಗಿನ, ಕೊಳವೆಯಿಂದ ಹೀರುವ ನೀರಿನ ಚೀಲಕ್ಕೆ ಇದನ್ನು ತುಂಬಿದರೆ ಅದೇ ಸಂಜೆ ತೊಳೆಯಬೇಕು: ಬಿಸಿನೀರು, ಒಂದು ಚಮಚ ಅಡುಗೆ ಸೋಡಾ, ಅರ್ಧ ಗಂಟೆ ನೆನೆಸಿ ತಲೆಕೆಳಗಾಗಿ ನೇತುಹಾಕಿ. ಆಷಾಢದಲ್ಲಿ ಎರಡು ದಿನ ಬಿಟ್ಟರೆ ಕೊಳವೆಯ ಒಳಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ.