ಕೋಸೈನರ್ ಹೆಸರು ತೆಗೀತೀವಿ ಅನ್ನೋ ಮಾತು ನಂಬಿ ಸಹಿ ಹಾಕಿಸಬೇಡಿ

ಅಮೆರಿಕದಲ್ಲಿ ಎಂಎಸ್‌ಗೆ ಪ್ರೈವೇಟ್ ಸಾಲ ತಗೊಳ್ಳೋರು ಇದನ್ನ ಓದಿಬಿಡಿ. ಅಲ್ಲೇ ಇರೋ ಮಾವನ ಹತ್ತಿರ ಕೋಸೈನ್ (ನಾನು ಕಟ್ಟದಿದ್ರೆ ಅವರು ಕಟ್ಟಬೇಕು ಅನ್ನೋ ಜೊತೆ ಸಹಿ) ಮಾಡಿಸುವಾಗ "24 ಕಂತು ಕಟ್ಟಿದ್ರೆ ನಿಮ್ಮ ಹೆಸರು ತೆಗೀತಾರೆ ಮಾವ" ಅಂತ ನಾನೇ ಹೇಳಿದ್ದು. ಈಗ ಅವರಿಗೆ ಮುಖ ತೋರಿಸೋಕಾಗ್ತಿಲ್ಲ.

ಮೊದಲು ಲೆಕ್ಕ. 12% ಫಿಕ್ಸೆಡ್ ಬಡ್ಡಿಗೆ 30,000 ಡಾಲರ್, ಆಗಸ್ಟಲ್ಲಿ ಅರ್ಧ, ಜನವರಿಯಲ್ಲಿ ಅರ್ಧ. ಓದು ಮುಗಿದು 6 ತಿಂಗಳ ಗ್ರೇಸ್, ಅಂದ್ರೆ ಕಂತು ಶುರುವಾಗೋ ಮುಂಚಿನ ಬಿಡುವು, ಮುಗಿಯೋ ತನಕ ಏನೂ ಕಟ್ಟಬೇಡಿ ಅಂದ್ರು. ಅಷ್ಟರಲ್ಲಿ 7,350 ಡಾಲರ್ ಬಡ್ಡಿ ಅಸಲಿಗೆ ಸೇರಿ 37,350 ಆಯ್ತು. ಹತ್ತು ವರ್ಷದ ಕಂತು 536. ಅಲ್ಲೀತನಕ ತಿಂಗಳ ಬಡ್ಡಿ, ಅಂದ್ರೆ ಪೂರ್ತಿ ಸಾಲ ಕೈಗೆ ಬಂದ್ಮೇಲೆ 300 ಡಾಲರ್, ಕಟ್ಟಿಕೊಂಡು ಬಂದಿದ್ರೆ ಕಂತು 430ರಲ್ಲಿ ನಿಲ್ತಿತ್ತು. ಇದು ನನ್ನ ದಡ್ಡತನ, ಒಪ್ಪಿದೆ.

ಮೋಸ ಹೋಗಿದ್ದು ಇದರಲ್ಲಲ್ಲ. ಹತ್ತನೇ ಕಂತಿನ ಹೊತ್ತಿಗೆ ಕೈಯಲ್ಲಿ ದುಡ್ಡಿತ್ತು, ಬೇಗ ತೀರಲಿ ಅಂತ 1,608 ಹಾಕಿದೆ, ಮೂರು ಕಂತಿನಷ್ಟು. ಹೆಚ್ಚಿನದನ್ನ ಅವರು ಮುಂಗಡ ಕಂತು ಅಂತ ಹಿಡಿದ್ರು, ಮುಂದಿನ ಎರಡು ತಿಂಗಳು ಬಿಲ್ಲಲ್ಲಿ "ಕಟ್ಟಬೇಕಾದ ಮೊತ್ತ: 0". ಆಟೋಪೇ ಒಂದು ಡಾಲರೂ ಎಳೀಲಿಲ್ಲ. ನಾನು ಖುಷಿಪಟ್ಟೆ! ಖುಷಿಪಟ್ಟೆ, ನೋಡಿ.

24 ತಿಂಗಳಾದ ಮೇಲೆ ಮಾವನ ಹೆಸರು ತೆಗೀರಿ ಅಂತ ಅರ್ಜಿ ಹಾಕಿದ್ರೆ ತಿರಸ್ಕೃತ. ಫೋನ್ ಮಾಡಿದೆ.

"ಸರ್, ಸತತ 24 ಕಂತು ಬಂದಿಲ್ಲ."
"ಒಂದು ದಿನಾನೂ ಬಾಕಿ ಉಳಿಸಿಲ್ವಲ್ಲ?"
"ನಿಜ ಸರ್, ಬಾಕಿ ಇಲ್ಲ. ಆದ್ರೆ ಆ ಎರಡು ತಿಂಗಳು ಪಾವತಿಯೂ ಇಲ್ಲ. ಎಣಿಕೆ ಅಲ್ಲಿಂದ ಮತ್ತೆ ಶುರು."
"ಮುಂಚೆನೇ ಕಟ್ಟಿದ್ದಕ್ಕೆ ಶಿಕ್ಷೆನಾ?"
"ಒಪ್ಪಂದದಲ್ಲಿ ಇದೆ ಸರ್."

ಇದೆ. "ಸತತ" ಅನ್ನೋ ಪದ ಇದೆ. ಬಾಕಿ ಇಲ್ಲ, ಪಾವತಿಯೂ ಇಲ್ಲ ಅಂತೆ! ಎಣಿಕೆ ತುಂಬಿದ್ರೂ ಆಮೇಲೆ ನನ್ನ ಆದಾಯ, ಕ್ರೆಡಿಟ್ ಮತ್ತೆ ಪರೀಕ್ಷೆ ಮಾಡ್ತಾರಂತೆ. 2015ರಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ನೋಡಿದಾಗ, ಹೀಗೆ ಅರ್ಜಿ ಹಾಕಿದವರಲ್ಲಿ 90% ಮಂದಿಗೆ ಇಲ್ಲ ಅಂದಿದ್ರು. ಸಹಿ ಹಾಕೋ ಮುಂಚೆ ಇದು ನನ್ನ ಕಣ್ಣಿಗೆ ಬೀಳಬಾರದಿತ್ತಾ. ಅತ್ತ ಮಾವ ಮನೆ ಸಾಲಕ್ಕೆ ಹೋದ್ರೆ ನನ್ನ ಸಾಲ ಪೂರ್ತಿ ಅವರ ಲೆಕ್ಕದಲ್ಲೇ ಕೂತಿದೆ.

ಹೆಚ್ಚು ಕಟ್ಟೋದಾದ್ರೆ ಸರ್ವಿಸರ್‌ಗೆ (ಬಿಲ್ ಕಳಿಸಿ ಕಂತು ವಸೂಲಿ ಮಾಡೋ ಕಂಪನಿಗೆ) ಬರವಣಿಗೆಯಲ್ಲಿ ಹೇಳಿ: ಹೆಚ್ಚುವರಿ ಹಣ ಅಸಲಿಗೆ, ಮುಂದಿನ ಕಂತಿನ ದಿನಾಂಕ ಮುಂದಕ್ಕೆ ತಳ್ಳಬೇಡಿ ಅಂತ. ಬಿಲ್ 0 ಅಂತ ಬಂದ್ರೂ ಕೈಯಾರೆ ಪೂರ್ತಿ ಕಂತು ಕಟ್ಟಿ, ಅದು ಎಣಿಕೆಗೆ ಬರುತ್ತಾ ಅಂತ ಲಿಖಿತವಾಗಿ ಕೇಳಿ. ಸಾಲ ಮಂಜೂರಾದ್ಮೇಲೆ ಒಪ್ಪೋಕೆ 30 ದಿನ ಇರುತ್ತೆ, ಅವಸರ ಮಾಡಿಸಿದ್ರೆ ಬಗ್ಗಬೇಡಿ. ಕೊನೆ ದಾಖಲೆ ಕೈಗೆ ಬಂದ್ಮೇಲೂ ರದ್ದು ಮಾಡೋಕೆ 3 ಕೆಲಸದ ದಿನ ಇದೆ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋರು ಪ್ರೈವೇಟ್‌ಗೆ ಹೋಗೋ ಮುಂಚೆ ಫೆಡರಲ್ (ಅಮೆರಿಕ ಸರ್ಕಾರದ) ಸಾಲ ಸಿಗೋವಷ್ಟು ತಗೊಳ್ಳಿ, ಮಾಸ್ಟರ್ಸ್‌ಗೆ ವರ್ಷಕ್ಕೆ 20,500 ಸಿಗುತ್ತೆ. ಎಫ್-1 (ವಿದ್ಯಾರ್ಥಿ ವೀಸಾ) ನವರಿಗೆ ಆ ಭಾಗ್ಯ ಇಲ್ಲ.

ನಂಗೆ ಉಳಿದಿರೋದು ನನ್ನೊಬ್ಬನ ಹೆಸರಲ್ಲಿ ರೀಫೈನಾನ್ಸ್, ಅಂದ್ರೆ ಹೊಸ ಸಾಲ ತಗೊಂಡು ಹಳೇದು ತೀರಿಸೋದು. ಅದಾದ್ರೆ ಹಳೇ ಸಾಲ ತೀರುತ್ತೆ, ಅದರ ಜೊತೆಗೇ ಮಾವನ ಸಹಿಯೂ.